ಹಿಮ ಬಿಟ್ಟುಕೊಟ್ಟ ನೆಲದಲ್ಲಿ ಹಸಿರು ಬೇಗ ಏಕೆ ಹುಟ್ಟುವುದಿಲ್ಲ?

2024ರಲ್ಲಿ ವೆನೆಜುವೆಲಾ ತನ್ನ ಕೊನೆಯ ಹಿಮನದಿಯನ್ನು ಕಳೆದುಕೊಂಡಿತು. ಹುಂಬೋಲ್ಟ್ ಶಿಖರದ ಮೇಲಿದ್ದ ಆ ಹಿಮ ಪೂರ್ತಿ ಕರಗಿರಲಿಲ್ಲ. ಆದರೆ ಸುಮಾರು ಎರಡು ಹೆಕ್ಟೇರಿನಷ್ಟು ಉಳಿದಿದ್ದ ಆ ತುಣುಕನ್ನು ಹಿಮನದಿ ಎಂದು ಕರೆಯಲು ಬರುವುದಿಲ್ಲವೆಂದು ವಿಜ್ಞಾನಿಗಳು ತೀರ್ಮಾನಿಸಿದರು. ಅದೇ ವರ್ಷ ಕೊಲಂಬಿಯಾದ ಸಾಂತಾ ಇಸಾಬೆಲ್ ಪರ್ವತದ ಕೊನೆಹೆರಾಸ್ ಹಿಮನದಿಯೂ ಇನ್ನಿಲ್ಲವೆಂದು ಘೋಷಣೆಯಾಯಿತು. ವಿಶ್ವಸಂಸ್ಥೆ 2025ನ್ನು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಸಾರಿತು.

ಇಂಥ ಸುದ್ದಿ ಓದಿದವರಿಗೆ ಒಂದು ಪ್ರಶ್ನೆ ಬರುವುದು ಸಹಜ. ಹಿಮ ಹಿಂದೆ ಸರಿದರೆ ಅಷ್ಟು ನೆಲ ತೆರೆದುಕೊಳ್ಳುತ್ತದೆ, ಚಳಿಯೂ ಸ್ವಲ್ಪ ಕಡಿಮೆಯಾಗುತ್ತದೆ. ಕೆಳಗಿನ ಗಿಡಮರಗಳು, ಪ್ರಾಣಿಗಳು ಅಲ್ಲಿಗೆ ಹತ್ತಿ ನೆಲೆಸಬಾರದೇಕೆ? ಹವೆ ಬೆಟ್ಟ ಹತ್ತುವ ವೇಗವೇ ಬೇರೆ, ಮಣ್ಣು ತಯಾರಾಗುವ ವೇಗವೇ ಬೇರೆ. ಉಷ್ಣವಲಯದ ಎತ್ತರದ ಪರ್ವತಗಳ ತೊಂದರೆಯೆಲ್ಲ ಹೆಚ್ಚುಕಡಿಮೆ ಈ ಅಂತರದಲ್ಲೇ ಇದೆ.

## ಸುಡುವ ವಲಯದಲ್ಲಿ ಹಿಮ ಹೇಗೆ ಬಂತು?

ಬಿದ್ದ ಹಿಮ ಕರಗದೆ ವರ್ಷದ ಮೇಲೆ ವರ್ಷ ಪೇರುತ್ತ ಹೋದರೆ ಕೆಳಗಿನ ಪದರ ಒತ್ತಡಕ್ಕೆ ಸಿಕ್ಕಿ ಗಟ್ಟಿ ಮಂಜುಗಡ್ಡೆಯಾಗುತ್ತದೆ. ದಪ್ಪ ಸಾಕಷ್ಟಾದಾಗ ಅದು ತನ್ನ ಭಾರಕ್ಕೇ ಇಳಿಜಾರಿನಲ್ಲಿ ಮೆಲ್ಲಗೆ ಜರುಗತೊಡಗುತ್ತದೆ. ಹೀಗೆ ಜರುಗುವ ಮಂಜುಗಡ್ಡೆಯೇ ಹಿಮನದಿ. ಜರುಗುವಷ್ಟು ದಪ್ಪ ಉಳಿಯದಿದ್ದರೆ ಅದು ಬರಿಯ ಹಿಮದ ಹಾಸು. ವೆನೆಜುವೆಲಾದಲ್ಲಿ ಆದದ್ದು ಇದೇ.

ಭೂಮಧ್ಯರೇಖೆಯ ಆಚೀಚೆ ಸುಮಾರು 23.5 ಡಿಗ್ರಿಗಳ ನಡುವಿನ ಪಟ್ಟಿ ಉಷ್ಣವಲಯ. ಅಲ್ಲಿ ಮೇಲೇರಿದಂತೆ ಪ್ರತಿ 100 ಮೀಟರಿಗೆ ಉಷ್ಣತೆ ಸರಾಸರಿ 0.6 ಡಿಗ್ರಿ ಇಳಿಯುತ್ತದೆ. ಕಡಲತೀರದಲ್ಲಿ 27 ಡಿಗ್ರಿ ಇದ್ದರೆ 5,000 ಮೀಟರ್ ಎತ್ತರದಲ್ಲಿ ಸೊನ್ನೆಗಿಂತ 3 ಡಿಗ್ರಿ ಕೆಳಗೆ. ಹಾಗಾಗಿ ತೀರಾ ಎತ್ತರದ ಶಿಖರಗಳಲ್ಲಿ ಮಾತ್ರ ಹಿಮ ನಿಲ್ಲುತ್ತದೆ. ಜಗತ್ತಿನ ಉಷ್ಣವಲಯದ ಹಿಮನದಿಗಳಲ್ಲಿ ಶೇಕಡ 99ರಷ್ಟು ದಕ್ಷಿಣ ಅಮೆರಿಕದ ಆಂಡೀಸ್ ಶ್ರೇಣಿಯಲ್ಲಿವೆ. ಪೆರು ದೇಶವೊಂದರಲ್ಲೇ ಸುಮಾರು ಶೇಕಡ 70ರಷ್ಟು. ಉಳಿದ ಚೂರುಪಾರು ಆಫ್ರಿಕಾದ ಕಿಲಿಮಂಜಾರೊ, ಮೌಂಟ್ ಕೀನ್ಯಾ, ರುವೆಂಜೋರಿಗಳಲ್ಲೂ ನ್ಯೂಗಿನಿಯ ಪುಂಚಾಕ್ ಜಯಾದಲ್ಲೂ ಇವೆ.

ಮರಗಳು ನಿಲ್ಲುವ ಗಡಿಗೂ ಹಿಮದ ಅಂಚಿಗೂ ನಡುವೆ ಒಂದು ಪಟ್ಟಿಯಿದೆ. ಹೆಚ್ಚುಕಡಿಮೆ 3,500ರಿಂದ 5,000 ಮೀಟರ್ ಎತ್ತರದ ಈ ಪಟ್ಟಿಯೇ ಉಷ್ಣವಲಯದ ಆಲ್ಪೈನ್ ಜೀವಲೋಕ. ಆಂಡೀಸಿನ ಉತ್ತರದಲ್ಲಿ ಸದಾ ಮಂಜು ಮುಸುಕಿರುವ ಒದ್ದೆ ಹುಲ್ಲುಗಾವಲಿಗೆ ಪಾರಮೊ ಎನ್ನುತ್ತಾರೆ. ಪೆರು, ಬೊಲಿವಿಯಾಗಳ ಒಣ ಎತ್ತರಕ್ಕೆ ಪುನಾ. ಆಫ್ರಿಕಾದ್ದನ್ನು ಆಫ್ರೊ-ಆಲ್ಪೈನ್ ಎಂದು ಕರೆಯುವುದು ರೂಢಿ.

## ಪ್ರತಿ ಹಗಲೂ ಬೇಸಿಗೆ, ಪ್ರತಿ ರಾತ್ರಿಯೂ ಚಳಿಗಾಲ

ಸಮಶೀತೋಷ್ಣ ವಲಯದ ಪರ್ವತಗಳಲ್ಲಿ ಚಳಿಗಾಲ ಒಮ್ಮೆ ಬಂದು ತಿಂಗಳುಗಟ್ಟಲೆ ನಿಲ್ಲುತ್ತದೆ. ಗಿಡಗಳು ಹಿಮದ ಹೊದಿಕೆಯಡಿ ಮಲಗಿ, ವಸಂತದಲ್ಲಿ ಏಳುತ್ತವೆ. ಉಷ್ಣವಲಯದಲ್ಲಿ ಆ ಸೌಲಭ್ಯವಿಲ್ಲ. ವರ್ಷವಿಡೀ ಹಗಲು ಸುಮಾರು 12 ಗಂಟೆ. ತಿಂಗಳಿಂದ ತಿಂಗಳಿಗೆ ಉಷ್ಣತೆ ಹೆಚ್ಚು ಬದಲಾಗದು, ಆದರೆ ಒಂದೇ ದಿನದಲ್ಲಿ ಮಧ್ಯಾಹ್ನದ ಸುಡುಬಿಸಿಲಿಗೂ ನಸುಕಿನ ಕೊರೆತಕ್ಕೂ ಇಪ್ಪತ್ತು ಡಿಗ್ರಿಯ ಅಂತರ ಬೀಳಬಹುದು. ಇಲ್ಲಿನ ಗಿಡ ವರ್ಷಕ್ಕೊಮ್ಮೆ ಅಲ್ಲ, ದಿನಕ್ಕೊಮ್ಮೆ ಚಳಿಗಾಲ ದಾಟಬೇಕು.

ಪಾರಮೊದ ಎಸ್ಪೆಲೆಟಿಯಾ ಗಿಡ ಇದನ್ನು ಹೇಗೆ ನಿಭಾಯಿಸುತ್ತದೆ ನೋಡಿ. ಸ್ಥಳೀಯರು ಅದನ್ನು ಫ್ರೈಲೆಹೋನ್ ಎನ್ನುತ್ತಾರೆ, 'ದೊಡ್ಡ ಸನ್ಯಾಸಿ' ಎಂದರ್ಥ. ಮಂಜಿನಲ್ಲಿ ದೂರದಿಂದ ನಿಲುವಂಗಿ ತೊಟ್ಟ ಮನುಷ್ಯನಂತೆಯೇ ಕಾಣುತ್ತದೆ. ಎಲೆಗಳ ಮೇಲೆ ದಟ್ಟ ಬಿಳಿ ತುಪ್ಪಳ. ಒಣಗಿದ ಎಲೆಗಳನ್ನು ಅದು ಉದುರಿಸುವುದಿಲ್ಲ. ಅವು ಕಾಂಡದ ಸುತ್ತ ಕಂಬಳಿಯಂತೆ ಇಳಿಬಿದ್ದಿರುತ್ತವೆ. ಈ ಕಂಬಳಿ ಅಲಂಕಾರವಲ್ಲ. ಬೆಳಗ್ಗೆ ಸೂರ್ಯ ಬಂದ ಕೂಡಲೇ ಎಲೆಗಳಿಗೆ ನೀರು ಬೇಕು, ಆದರೆ ನೆಲ ಇನ್ನೂ ಹೆಪ್ಪುಗಟ್ಟಿರುವುದರಿಂದ ಬೇರು ನೀರು ಕೊಡಲಾರದು. ಆಗ ಕಾಂಡದ ತಿರುಳಿನಲ್ಲಿ ಕೂಡಿಟ್ಟ ನೀರೇ ಗತಿ. ಆ ತಿರುಳು ರಾತ್ರಿ ಹೆಪ್ಪುಗಟ್ಟದಂತೆ ಕಾಯುವುದು ಒಣ ಎಲೆಗಳ ಹೊದಿಕೆ. ಅದನ್ನು ಕಿತ್ತು ನೋಡಿದ ಪ್ರಯೋಗಗಳಲ್ಲಿ ಗಿಡಗಳು ಸತ್ತುಹೋದವು.

ಸಾಗರದಾಚೆ, ಕಿಲಿಮಂಜಾರೊ ಮತ್ತು ಮೌಂಟ್ ಕೀನ್ಯಾಗಳ ಡೆಂಡ್ರೊಸೆನೆಸಿಯೊ ಕೂಡ ಇದೇ ರೂಪ ತಾಳಿದೆ. ಎರಡೂ ಸೂರ್ಯಕಾಂತಿಯ ಕುಟುಂಬದವು, ಆದರೆ ಈ ರೂಪಕ್ಕೆ ಬಂದದ್ದು ಬೇರೆಬೇರೆಯಾಗಿ. ಡೆಂಡ್ರೊಸೆನೆಸಿಯೊ ರಾತ್ರಿಯಾದರೆ ಎಲೆಗಳನ್ನು ಮುಚ್ಚಿ ನಡುವಿನ ಎಳೆಮೊಗ್ಗನ್ನು ಮುಷ್ಟಿಯಲ್ಲಿ ಹಿಡಿದಂತೆ ಕಾಪಾಡುತ್ತದೆ.

ಇವೆಲ್ಲ ನಿಧಾನಕ್ಕೆ ಬೆಳೆಯುವ ಜೀವಗಳು. ಎಸ್ಪೆಲೆಟಿಯಾದ ಕೆಲವು ಜಾತಿಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಎತ್ತರವಾಗುವುದಿಲ್ಲ. ಆಳೆತ್ತರದ ಗಿಡವೊಂದು ಸುಟ್ಟುಹೋದರೆ ಅದರ ಜಾಗ ತುಂಬಲು ಒಂದು ತಲೆಮಾರಿಗಿಂತ ಹೆಚ್ಚು ಕಾಲ ಬೇಕು.

## ಇಲ್ಲಿನ ಹಿಮವೇ ಏಕೆ ಮೊದಲು ಸೋಲುತ್ತಿದೆ?

ಹಿಮನದಿಗೂ ಬ್ಯಾಂಕ್ ಖಾತೆಗೂ ಹೋಲಿಕೆಯಿದೆ: ಮೇಲ್ಭಾಗದಲ್ಲಿ ಹಿಮ ಜಮೆ, ಕೆಳತುದಿಯಲ್ಲಿ ಖರ್ಚು. ಚಳಿಗಾಲವಿರುವ ನಾಡಿನಲ್ಲಿ ಅರ್ಧ ವರ್ಷ ಖರ್ಚು ನಿಂತೇ ಇರುತ್ತದೆ. ಉಷ್ಣವಲಯದಲ್ಲಿ ಕೆಳತುದಿಯ ಖರ್ಚು ವರ್ಷದ 365 ದಿನವೂ ನಡೆಯುತ್ತದೆ. ಹಾಗಾಗಿ ಆದಾಯ ಸ್ವಲ್ಪ ಕುಗ್ಗಿದರೂ ತಾಳೆ ತಪ್ಪುತ್ತದೆ.

ಉಷ್ಣತೆ ಹೆಚ್ಚಿದಾಗ ಇಲ್ಲಿ ಎರಡು ಪೆಟ್ಟು ಒಟ್ಟಿಗೇ ಬೀಳುತ್ತವೆ. ಹಿಮವಾಗಿ ಬೀಳಬೇಕಾದದ್ದು ಮಳೆಯಾಗಿ ಬೀಳುತ್ತದೆ. ಹೊಸ ಹಿಮದ ಬಿಳಿ ಹೊದಿಕೆ ಇಲ್ಲದೆ ಹಳೆಯ ಕೊಳೆ ಮಂಜುಗಡ್ಡೆ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90 ಪಾಲನ್ನು ವಾಪಸ್ಸು ಕಳಿಸುತ್ತದೆ. ಕೊಳೆ ಹಿಡಿದ ಮಂಜುಗಡ್ಡೆ 20ರಿಂದ 40 ಪಾಲು ಮಾತ್ರ. ಉಳಿದದ್ದೆಲ್ಲ ಕರಗಿಸುವುದಕ್ಕೇ ಹೋಗುತ್ತದೆ. ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ ವರ್ಷಗಳಲ್ಲಿ ಆಂಡೀಸಿನ ಹಿಮನದಿಗಳು ಹೆಚ್ಚು ಸೊರಗುವುದಕ್ಕೂ ಕಾರಣ ಇದೇ.

ಎಲ್ಲ ಪರ್ವತದ ಕತೆಯೂ ಒಂದೇ ಅಲ್ಲ. ಗಾಳಿ ತೀರಾ ಒಣಗಿದ್ದರೆ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಇದಕ್ಕೆ ಉತ್ಪತನ ಎನ್ನುತ್ತಾರೆ. ಒಂದು ಕಿಲೊ ಮಂಜುಗಡ್ಡೆಯನ್ನು ಕರಗಿಸುವುದಕ್ಕಿಂತ ಹೀಗೆ ಆವಿಯಾಗಿಸಲು ಸುಮಾರು ಎಂಟೂವರೆ ಪಟ್ಟು ಶಕ್ತಿ ಬೇಕು. ಆದ್ದರಿಂದ ಒಣ ಹವೆಯಲ್ಲಿ ಬಿಸಿಲಿನ ಬಹುಪಾಲು ಉತ್ಪತನಕ್ಕೆ ವ್ಯಯವಾಗಿ ಕರಗುವುದು ಕಡಿಮೆ. ಆದರೆ ಅದೇ ಒಣ ಹವೆಯಲ್ಲಿ ಹಿಮ ಬೀಳುವುದೂ ಕಡಿಮೆ. ಕಿಲಿಮಂಜಾರೊದ ನೆತ್ತಿಯ ಹಿಮ ಕುಗ್ಗುತ್ತಿರುವುದು ಮುಖ್ಯವಾಗಿ ಈ ಒಣಗುವಿಕೆಯಿಂದ. 1912ರಲ್ಲಿ ಅಲ್ಲಿ ಸುಮಾರು 12 ಚದರ ಕಿ.ಮೀ. ಹಿಮವಿತ್ತು, ಈಗ 2 ಚದರ ಕಿ.ಮೀ.ಗೂ ಕಡಿಮೆ.

ಈ ಬದಲಾವಣೆ ಎಷ್ಟು ಅಪರೂಪದ್ದು ಎನ್ನುವುದಕ್ಕೆ ಒಂದು ಗಿಡವೇ ಸಾಕ್ಷಿ ನುಡಿದಿದೆ. ಪೆರುವಿನ ಕೆಲ್ಕಾಯಾ ಹಿಮಟೋಪಿಯ ಅಂಚು ಸರಿದಾಗ, ಬೆಳೆದಲ್ಲೇ ಹಿಮದಡಿ ಸಿಕ್ಕಿಕೊಂಡಿದ್ದ ಡಿಸ್ಟಿಕಿಯಾ ಗಿಡಗಳು ಹೊರಬಂದವು. ಇಂಗಾಲದ ಪರೀಕ್ಷೆಯಲ್ಲಿ ಅವುಗಳ ವಯಸ್ಸು ಸುಮಾರು 5,200 ವರ್ಷ ಎಂದು ತಿಳಿಯಿತು. ಇಷ್ಟು ಸಾವಿರ ವರ್ಷ ಆ ಅಂಚು ಅಲ್ಲಿಂದ ಹಿಂದೆ ಸರಿದಿರಲಿಲ್ಲ.

## ಬರಿಗಲ್ಲಿನಿಂದ ಮಣ್ಣಿನವರೆಗೆ

ಹಿಮ ಬಿಟ್ಟುಕೊಟ್ಟ ನೆಲವನ್ನು ಹೊಲವೆಂದು ಭಾವಿಸಬಾರದು. ಅದು ಹಿಮನದಿ ಅರೆದು ಹಾಕಿದ ಕಲ್ಲು, ಜಲ್ಲಿ, ಹಿಟ್ಟಿನಂಥ ಪುಡಿ. ಕೊಳೆತ ಎಲೆಯ ಅಂಶವಿಲ್ಲ, ಸಾರಜನಕವಿಲ್ಲ, ನೀರು ಹಿಡಿಯುವ ಶಕ್ತಿಯಿಲ್ಲ.

ಮೊದಲು ಬರುವುದು ಸೂಕ್ಷ್ಮಜೀವಿಗಳು. ಸೈನೊಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಅಂಟಾದ ತೆಳು ಪೊರೆಯೊಂದು ಕಣಗಳನ್ನು ಹಿಡಿದಿಡುತ್ತದೆ. ಆಮೇಲೆ ಹಾವಸೆ, ಕಲ್ಲುಹೂವು. ಅನಂತರ ಗಾಳಿಯಲ್ಲಿ ತೇಲಿ ಬರುವ ಹಗುರ ಬೀಜದ ಗಿಡಗಳು. ಮೌಂಟ್ ಕೀನ್ಯಾದ ಹಿಮದಂಚಿನಲ್ಲಿ ಮೊದಲು ಕಾಲಿಡುವುದು ಸೆನೆಸಿಯೊ ಕೀನಿಯೋಫೈಟಮ್ ಎಂಬ ಪುಟ್ಟ ಗಿಡ. ಹಿಮ ಹಿಂದೆ ಸರಿದಂತೆ ಅದು ಬೆನ್ನಟ್ಟಿ ಹೋಗುತ್ತದೆ. ಆದರೆ ಹಕ್ಕಿ ಅಥವಾ ಪ್ರಾಣಿಗಳ ಮೂಲಕ ಬೀಜ ಸಾಗಿಸುವ ಗಿಡಗಳು, ದಪ್ಪ ಮಣ್ಣು ಬೇಕಾದ ಗಿಡಗಳು ಬಹಳ ಹಿಂದೆ ಉಳಿಯುತ್ತವೆ.

ತಡವಾಗಲು ಕಾರಣಗಳು ಹಲವು. ನನ್ನ ಪ್ರಕಾರ ಎಲ್ಲಕ್ಕಿಂತ ಕಡೆಗಣಿಸಲ್ಪಟ್ಟದ್ದು ಮಂಜುಗಡ್ಡೆಯ ಸೂಜಿ. ರಾತ್ರಿ ನೆಲದ ತೇವ ಹೆಪ್ಪುಗಟ್ಟಿ, ಸೂಜಿಗಳಂತೆ ಮೇಲಕ್ಕೆ ಬೆಳೆದು ಮಣ್ಣಿನ ಮೇಲ್ಪದರವನ್ನು ಎತ್ತಿಬಿಡುತ್ತದೆ. ಬೆಳಗ್ಗೆ ಕರಗಿ ಕುಸಿಯುತ್ತದೆ. ಇದು ವರ್ಷಕ್ಕೆ ಕೆಲವು ಸಲವಲ್ಲ, ಬಹುತೇಕ ಪ್ರತಿ ರಾತ್ರಿ ನಡೆಯುವ ಕೆಲಸ. ಬೆರಳುದ್ದದ ಬೇರೂ ಇಲ್ಲದ ಎಳೆಸಸಿ ಬುಡಸಮೇತ ಮೇಲೆದ್ದು ಬಿಸಿಲಿಗೆ ಒಣಗುತ್ತದೆ. ದೊಡ್ಡ ಕಲ್ಲಿನ ಮಗ್ಗುಲಲ್ಲೋ ದಿಂಬಿನಂತೆ ಹರಡಿದ ಗಿಡದ ಆಸರೆಯಲ್ಲೋ ಬಿದ್ದ ಬೀಜ ಮಾತ್ರ ಬದುಕುತ್ತದೆ. ಆಸರೆ ಕೊಡುವ ಗಿಡ ಮೊದಲು ಬರಬೇಕು, ಅದು ಬರಲಿಕ್ಕೂ ಆಸರೆ ಬೇಕು.

ಎರಡನೆಯ ಅಡ್ಡಿ ರಂಜಕದ (ಫಾಸ್ಫರಸ್) ಕೊರತೆ. ಹೊಸ ನೆಲದಲ್ಲಿ ಸಾರಜನಕದ ಕೊರತೆಯೇ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದು ಹಳೆಯ ನಂಬಿಕೆ. ಪೆರುವಿನ ವಿಲ್ಕಾನೋಟಾ ಶ್ರೇಣಿಯಲ್ಲಿ ಎರಡನ್ನೂ ಬೇರೆಬೇರೆಯಾಗಿ ಹಾಕಿ ನೋಡಿದಾಗ, ಸಾರಜನಕಕ್ಕಲ್ಲ, ರಂಜಕಕ್ಕೆ ಸೂಕ್ಷ್ಮಜೀವಿಗಳೂ ಗಿಡಗಳೂ ಚುರುಕಾಗಿ ಸ್ಪಂದಿಸಿದವು. ರಂಜಕ ಗಾಳಿಯಿಂದ ಸಿಗುವುದಿಲ್ಲ. ಕಲ್ಲಿನೊಳಗೆ ಇರುವುದು ಗಿಡಕ್ಕೆ ಒದಗುವ ರೂಪಕ್ಕೆ ಬರಲು ಕಲ್ಲು ಸವೆಯಬೇಕು, ಅದು ನಿಧಾನದ ಕೆಲಸ.

ಪೆರುವಿನ ಕೊರ್ಡಿಯೆರಾ ಬ್ಲಾಂಕಾ ಶ್ರೇಣಿಯ ಉರುವಾಶ್ರಾಹು ಹಿಮನದಿಯ ಮುಂದಿನ ಬರಡು ನೆಲದಲ್ಲಿ, ಸ್ಥಳೀಯ ರೈತರ ಜೊತೆ ಸೇರಿ ಸಂಶೋಧಕರು 2019ರಿಂದ ಮೂರು ವರ್ಷ ಒಂಟೆಯ ಬಳಗದ ಸಾಕುಪ್ರಾಣಿಗಳಾದ ಲಾಮಾಗಳನ್ನು ಬೇಲಿಯೊಳಗೆ ಮೇಯಲು ಬಿಟ್ಟರು. ಲಾಮಾಗಳ ಹಿಕ್ಕೆಯಿಂದ ಮಣ್ಣಿನ ಇಂಗಾಲ, ಸಾರಜನಕ ಹೆಚ್ಚಿದವು. ಮೈ ಉಣ್ಣೆ ಮತ್ತು ಹಿಕ್ಕೆಯಲ್ಲಿ ಬೀಜಗಳು ಕೆಳಗಿನಿಂದ ಮೇಲಕ್ಕೆ ಬಂದವು. ಗಿಡಗಳ ಹೊದಿಕೆ ಬೇಗ ಹರಡಿತು. ಮಣ್ಣು ತಯಾರಾಗುವ ಕೆಲಸವನ್ನು ಸ್ವಲ್ಪಮಟ್ಟಿಗೆ ಬೇಗ ಮಾಡಿಸಬಹುದು ಎನ್ನುವುದಕ್ಕೆ ಇದೊಂದು ಒಳ್ಳೆಯ ಗುರುತು. ಆದರೆ ಇದು ಬೇಲಿ ಹಾಕಿದ ತುಂಡುನೆಲದ ಫಲ, ಇಡೀ ಶ್ರೇಣಿಯದ್ದಲ್ಲ.

## ನೀರು: ಮೊದಲು ಹೆಚ್ಚು, ಆಮೇಲೆ ಕಡಿಮೆ

ಹಿಮನದಿ ಕರಗತೊಡಗಿದಾಗ ಕೆಳಗಿನ ಹೊಳೆಗೆ ಮೊದಮೊದಲು ನೀರು ಹೆಚ್ಚುತ್ತದೆ. ಒಂದು ಹಂತ ಮುಟ್ಟಿ, ಅಲ್ಲಿಂದ ಇಳಿಯುತ್ತದೆ. ಕರಗಲು ಮಂಜುಗಡ್ಡೆಯೇ ಕಡಿಮೆಯಾಯಿತಲ್ಲ. ಪೆರುವಿನ ಸಾಂತಾ ನದಿಯ ಮೇಲ್ಕೊಳ್ಳದಲ್ಲಿ ಪರಿಶೀಲಿಸಿದ ಒಂಬತ್ತು ಜಲಾನಯನಗಳಲ್ಲಿ ಏಳು ಈ ತುತ್ತತುದಿಯನ್ನು ಆಗಲೇ ದಾಟಿವೆ ಎಂದು 2012ರ ಅಧ್ಯಯನ ತೋರಿಸಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಹಿಮ ಹೋದರೆ ನೀರೆಲ್ಲ ಹೋಯಿತು ಎನ್ನುವುದು ಎಲ್ಲ ಕಡೆಗೂ ಸಲ್ಲದು. ಕಿಲಿಮಂಜಾರೊದಿಂದ ಇಳಿಯುವ ನೀರಿನ ಬಹುಪಾಲು ಬರುವುದು ನೆತ್ತಿಯ ಹಿಮದಿಂದಲ್ಲ, ನಡುಬೆಟ್ಟದ ಕಾಡಿನಿಂದ. ಕೊಲಂಬಿಯಾದ ರಾಜಧಾನಿ ಬೊಗೊಟಾ ನಗರದ ಕುಡಿಯುವ ನೀರಿನ ದೊಡ್ಡ ಪಾಲು ಬರುವುದು ಹಿಮನದಿಯೇ ಇಲ್ಲದ ಚಿಂಗಾಸಾ ಪಾರಮೊದಿಂದ. ಪಾರಮೊದ ಕಪ್ಪು ಮಣ್ಣು ಕೊಳೆತ ಸಸ್ಯಾಂಶದಿಂದ ತುಂಬಿದ ಸ್ಪಂಜಿನಂಥದ್ದು: ಮಳೆ, ಮಂಜನ್ನು ಹೀರಿ ತಿಂಗಳುಗಟ್ಟಲೆ ಸಣ್ಣಗೆ ಬಿಡುತ್ತದೆ. ಒಣಗಾಲ ದೀರ್ಘವಿರುವ ಬೊಲಿವಿಯಾದಲ್ಲಿ ಲೆಕ್ಕ ಬೇರೆ. ಲಾ ಪಾಸ್ ನಗರಕ್ಕೆ ಹಿಮನದಿಗಳ ಕೊಡುಗೆ ವರ್ಷದ ಸರಾಸರಿಯಲ್ಲಿ ಸುಮಾರು ಶೇಕಡ 15, ಒಣಗಾಲದಲ್ಲಿ ಸುಮಾರು 27. ಅಂದರೆ ಹಿಮದ ನೀರು ಪ್ರಮಾಣದಿಂದಲ್ಲ, ಬರುವ ಹೊತ್ತಿನಿಂದ ದೊಡ್ಡದು.

ಆ ಹೊತ್ತನ್ನು ನಂಬಿ ಬದುಕಿರುವುದು ಬೊಫೆದಾಲ್ ಎಂಬ ಎತ್ತರದ ಜವುಗು. ಡಿಸ್ಟಿಕಿಯಾದಂಥ ಗಿಡಗಳು ಒತ್ತೊತ್ತಾಗಿ ಬೆಳೆದು ಗಟ್ಟಿ ದಿಂಬುಗಳಾಗಿ ಹಬ್ಬಿರುತ್ತವೆ. ಕೆಳಗಿನ ಸತ್ತ ಭಾಗ ನೀರಿನಲ್ಲಿ ಮುಳುಗಿರುವುದರಿಂದ ಕೊಳೆಯದೆ ಪೀಟ್ ಆಗಿ ಮೀಟರುಗಟ್ಟಲೆ ಪೇರಿಕೊಳ್ಳುತ್ತದೆ. ಸುತ್ತಲ ಹುಲ್ಲು ಒಣಗಿ ಹಳದಿಯಾದಾಗಲೂ ಬೊಫೆದಾಲ್ ಹಸಿರು. ಅಲ್ಪಾಕಾ, ಲಾಮಾ, ಕಾಡಿನ ವಿಕುನ್ಯಾಗಳಿಗೆ ಒಣಗಾಲದ ಮೇವು ಅದೇ. ನೀರು ತಪ್ಪಿದರೆ ದಿಂಬು ಮೇಲಿಂದ ಒಣಗಿ ಬಿರುಕು ಬಿಡುತ್ತದೆ, ಗಾಳಿ ಒಳನುಗ್ಗುತ್ತದೆ, ಸಾವಿರಾರು ವರ್ಷ ಕೂಡಿಟ್ಟ ಇಂಗಾಲ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗುತ್ತದೆ.

ಹೊಳೆಯೊಳಗಿನ ಜೀವಗಳೂ ಇದಕ್ಕೆ ಹೊರತಲ್ಲ. ಹಿಮನದಿಯ ಹೊಳೆ ಕೊರೆಯುವಷ್ಟು ತಣ್ಣಗೆ, ಅರೆದ ಕಲ್ಲಿನ ಪುಡಿಯಿಂದ ಹಾಲಿನಂತೆ ಮಬ್ಬು. ಪ್ರತಿ ಮಧ್ಯಾಹ್ನ ಕರಗಿದ ನೀರು ಉಕ್ಕಿ ಬರುತ್ತದೆ. ಇದಕ್ಕೇ ಹೊಂದಿಕೊಂಡ ಕೀಟಗಳ ಮರಿಹುಳುಗಳು ಬೇರೆಲ್ಲೂ ಬಾಳಲಾರವು. ಹೊಳೆ ತಿಳಿಯಾಗಿ ಬೆಚ್ಚಗಾದಾಗ ಕೆಳಗಿನ ಜಾತಿಗಳು ಬಂದು ಸಂಖ್ಯೆ ಹೆಚ್ಚಿದಂತೆ ಕಾಣುತ್ತದೆ, ಆದರೆ ವಿಶೇಷ ಜಾತಿಗಳು ಅಳಿಯುತ್ತವೆ. ಈಕ್ವೆಡಾರ್, ಆಲ್ಪ್ಸ್, ಅಲಾಸ್ಕಾಗಳ ಹೊಳೆಗಳನ್ನು ಹೋಲಿಸಿದ ಅಧ್ಯಯನದ ಪ್ರಕಾರ, ಹಿಮನದಿಗಳು ಪೂರ್ತಿ ಹೋದರೆ ಆಯಾ ಪ್ರದೇಶದ ಹೊಳೆಜೀವಿಗಳಲ್ಲಿ ಶೇಕಡ 11ರಿಂದ 38 ಜಾತಿಗಳು ಕಾಣೆಯಾಗಬಹುದು. ಹಿಮನದಿಯ ಹೊದಿಕೆ ಜಲಾನಯನದ ಸುಮಾರು ಅರ್ಧಕ್ಕಿಂತ ಕಡಿಮೆಯಾದ ಕೂಡಲೇ ಈ ನಷ್ಟ ಶುರುವಾಗುತ್ತದೆ.

## ಕೆಂಪಾಗುವ ಹೊಳೆಗಳು

ಕೊರ್ಡಿಯೆರಾ ಬ್ಲಾಂಕಾದ ಕೆಲವೆಡೆ ಹಿಮದಡಿಯ ಬಂಡೆಯಲ್ಲಿ ಪೈರೈಟ್ ಇದೆ, ಅಂದರೆ ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ. ಮಂಜುಗಡ್ಡೆ ಮುಚ್ಚಿರುವವರೆಗೆ ಅದು ಸುಮ್ಮನಿರುತ್ತದೆ. ಗಾಳಿ, ನೀರು ಸೋಕಿದರೆ ಗಂಧಕಾಮ್ಲ ಹುಟ್ಟುತ್ತದೆ. ಆಮ್ಲ ಬಂಡೆಯಿಂದ ಇನ್ನಷ್ಟು ಲೋಹಗಳನ್ನು ಕರಗಿಸಿ ತರುತ್ತದೆ. ಕಬ್ಬಿಣ ತುಕ್ಕಾಗಿ ಹೊಳೆಯ ಕಲ್ಲುಗಳಿಗೆ ಕೆಂಪು ಬಳಿಯುತ್ತದೆ. ಕೆಲವು ಕಡೆ ನೀರಿನ ಪಿಎಚ್ 4ಕ್ಕಿಂತ ಕೆಳಗಿದೆ, ಅಂದರೆ ನೀರು ಬಲವಾಗಿ ಆಮ್ಲೀಯ. ಮೀನು ಇರದು, ಹೊಲಕ್ಕೆ ಹಾಯಿಸಲಾಗದು. ಗಣಿಯೇ ಇಲ್ಲದ ಜಾಗದಲ್ಲಿ ಗಣಿಯ ಮಾಲಿನ್ಯದಂಥದ್ದೇ ಆಗುತ್ತಿದೆ. ಇಂಥ ನೀರನ್ನು ಕೆರೆಗಳಲ್ಲಿ ನಿಲ್ಲಿಸಿ ಕೆಸರು ಇಳಿಸಿ, ಜೊಂಡು ಬೆಳೆದ ಜವುಗಿನ ಮೂಲಕ ಹಾಯಿಸಿದರೆ ಲೋಹದ ಅಂಶ ತಗ್ಗುತ್ತದೆ. ಕೆಲವು ಹಳ್ಳಿಗಳು ಇದನ್ನು ಮಾಡುತ್ತಿವೆ.

## ಮೇಲೇರುವವರು, ಏರಲಾಗದವರು

ಉಷ್ಣತೆ 1 ಡಿಗ್ರಿ ಹೆಚ್ಚಿದರೆ ಅದೇ ಹವೆ ಸಿಗಲು ಸುಮಾರು 170 ಮೀಟರ್ ಮೇಲೆ ಹೋಗಬೇಕು. ಗಿಡಗಳು ಏರುತ್ತಿವೆ ಎನ್ನುವುದಕ್ಕೆ ಪುರಾವೆಯಿದೆ. ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ 1802ರಲ್ಲಿ ಈಕ್ವೆಡಾರಿನ ಪರ್ವತಗಳಲ್ಲಿ ಯಾವ ಗಿಡ ಎಷ್ಟು ಎತ್ತರದಲ್ಲಿದೆ ಎಂದು ಬರೆದಿಟ್ಟಿದ್ದ. ಅಲ್ಲಿನ ಚಿಂಬೊರಾಸೊ ಪರ್ವತದಲ್ಲಿ 2012ರಲ್ಲಿ ಮತ್ತೆ ಅಳೆದಾಗ ಗಿಡಗಳು 500 ಮೀಟರಿಗೂ ಹೆಚ್ಚು ಮೇಲೇರಿವೆ ಎನಿಸಿತು. ಆದರೆ ಹುಂಬೋಲ್ಟನ ಅಂಕಿಗಳಲ್ಲಿ ಬಹಳಷ್ಟು ಅಂತಿಸಾನಾ ಎಂಬ ಇನ್ನೊಂದು ಪರ್ವತದವು ಎಂದು ಆಮೇಲೆ ಗೊತ್ತಾಯಿತು. 2019ರಲ್ಲಿ ತಿದ್ದಿದ ಲೆಕ್ಕ 215ರಿಂದ 266 ಮೀಟರ್. ಹಳೆಯ ದಾಖಲೆಗಳನ್ನು ಬಳಸುವಾಗ ಇಂಥ ಎಚ್ಚರ ಬೇಕೇ ಬೇಕು.

ಬೆಟ್ಟದ ಆಕಾರವೂ ಒಂದು ಸಮಸ್ಯೆ. ಶಂಕುವಿನಂಥ ಬೆಟ್ಟದಲ್ಲಿ ಒಂದು ಗಡಿಗೆರೆ ನೆತ್ತಿಯ ಕಡೆಗೆ ಅರ್ಧ ದೂರ ಏರಿದರೆ, ಅದರ ಮೇಲಿನ ನೆಲ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಈ ಶಿಖರಗಳು ಬಿಸಿ ತಗ್ಗುನೆಲದ ನಡುವಿನ ದ್ವೀಪಗಳು. ಒಂದರ ನೆತ್ತಿ ಮುಗಿದರೆ ಇನ್ನೊಂದಕ್ಕೆ ದಾಟಲು ದಾರಿಯಿಲ್ಲ. ಬೇರೆಬೇರೆ ಪರ್ವತಗಳಲ್ಲಿ ಬೇರೆಬೇರೆ ಜಾತಿಗಳೇ ಹುಟ್ಟಿಕೊಂಡದ್ದೂ ಈ ದ್ವೀಪಗುಣದಿಂದಲೇ.

ಬೇಗ ಏರಿದವರಿಗೂ ನೆಮ್ಮದಿಯಿಲ್ಲ. ವಿಲ್ಕಾನೋಟಾದಲ್ಲಿ ಹಿಮ ಸರಿದು ಹೊಸದಾಗಿ ಉಂಟಾದ ಹೊಂಡಗಳಿಗೆ, 5,244ರಿಂದ 5,400 ಮೀಟರ್ ಎತ್ತರಕ್ಕೆ, ಮೂರು ಜಾತಿಯ ಕಪ್ಪೆಗಳು ತಲುಪಿವೆ. ಉಭಯಚರಗಳು ಕಂಡಿರುವ ಅತ್ಯಂತ ಎತ್ತರದ ತಾಣಗಳಲ್ಲಿ ಇದೂ ಒಂದು. ಆದರೆ ಕಪ್ಪೆಗಳ ಚರ್ಮಕ್ಕೆ ತಗಲಿ ಕೊಲ್ಲುವ ಕೈಟ್ರಿಡ್ ಶಿಲೀಂಧ್ರವೂ ಅವುಗಳ ಜೊತೆಗೇ ಅಷ್ಟೆತ್ತರ ಹತ್ತಿದೆ. ಕೆಲ್ಕಾಯಾದ ಮಂಜುಗಡ್ಡೆಯ ಮೇಲೆಯೇ ಗೂಡು ಕಟ್ಟುವ ಬಿಳಿರೆಕ್ಕೆಯ ಡಿಯುಕಾ ಫಿಂಚ್ ಎಂಬ ಪುಟ್ಟ ಹಕ್ಕಿಗೆ ಏರಲು ಇನ್ನು ಮೇಲೆ ಏನಿದೆ?

ಗಡಿ ಮೇಲಕ್ಕೇ ಹೋಗಬೇಕೆಂದೂ ಇಲ್ಲ. ಕಿಲಿಮಂಜಾರೊದಲ್ಲಿ ಹವೆ ಒಣಗಿ ಬೆಂಕಿ ಹೆಚ್ಚಿದ್ದರಿಂದ ಎತ್ತರದಲ್ಲಿದ್ದ ಎರಿಕಾ ಎಂಬ ಮರಗಳ ಕಾಡು ಸುಟ್ಟು, ಮರಗಳ ಗಡಿ ಕೆಳಕ್ಕೆ ಇಳಿದಿದೆ. ಆ ಕಾಡು ಮಂಜಿನಿಂದ ನೀರು ಸೋಸಿ ನೆಲಕ್ಕೆ ಇಳಿಸುತ್ತಿತ್ತು. ಅದರ ನಷ್ಟ ನೆತ್ತಿಯ ಹಿಮದ ನಷ್ಟಕ್ಕಿಂತ ನೀರಿಗೆ ದೊಡ್ಡ ಪೆಟ್ಟು. 2020ರ ಅಕ್ಟೋಬರಿನಲ್ಲೂ ಅಲ್ಲಿ ದೊಡ್ಡ ಬೆಂಕಿ ಬಿತ್ತು.

## ಅಲ್ಲಲ್ಲೇ ಮಾಡಬಹುದಾದದ್ದು

ವೆನೆಜುವೆಲಾದಲ್ಲಿ ಉಳಿದ ಹಿಮದ ಮೇಲೆ ಬಿಸಿಲು ತಡೆಯುವ ಬಟ್ಟೆ ಹೊದಿಸುವ ಯತ್ನ ನಡೆಯಿತು. ಅಂಥ ಹೊದಿಕೆ ಸಣ್ಣ ತುಂಡನ್ನು ಕೆಲಕಾಲ ಕಾಯಬಹುದು, ಹಿಮನದಿಯನ್ನು ಮರಳಿ ಹುಟ್ಟಿಸಲಾರದು. ಗಾಳಿಗೆ ಇಂಗಾಲದ ಡೈಆಕ್ಸೈಡ್ ಸೇರುವುದು ಕಡಿಮೆಯಾಗುವವರೆಗೆ ಹಿಮದ ಗಡಿ ಮೇಲಕ್ಕೇ ಹೋಗುತ್ತದೆ. ಕೈಗೆಟಕುವ ಕೆಲಸ ಇರುವುದು ಹಿಮದ ಕೆಳಗೆ, ಮಣ್ಣು ಮತ್ತು ಜವುಗಿನಲ್ಲಿ. ಕೊಲಂಬಿಯಾ 2018ರಲ್ಲಿ ಪಾರಮೊಗಳಿಗಾಗಿಯೇ ಕಾನೂನು ಮಾಡಿ ಗಣಿಗಾರಿಕೆಯನ್ನು ನಿಷೇಧಿಸಿತು. ಈಕ್ವೆಡಾರಿನ ಕೀಟೊ ನಗರ 2000ದಲ್ಲಿ ನೀರಿನ ನಿಧಿ ಸ್ಥಾಪಿಸಿ, ಅದರ ಹಣದಲ್ಲಿ ಮೇಲ್ಕೊಳ್ಳದ ನೆಲವನ್ನು ಕಾಯುತ್ತಿದೆ.

ಒಳ್ಳೆಯ ಉದ್ದೇಶದ ಕೆಲಸವೂ ಕೆಡಬಹುದು. ಪಾರಮೊದಲ್ಲಿ ಪೈನ್ ಮರ ನೆಟ್ಟ ಕಡೆ ಹೊಳೆಯ ಹರಿವು ಸುಮಾರು ಅರ್ಧಕ್ಕೆ ಇಳಿದದ್ದು ಅಳತೆಯಿಂದ ತಿಳಿದಿದೆ. ಮರ ಹುಲ್ಲಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಮಣ್ಣು ಒಮ್ಮೆ ಚೆನ್ನಾಗಿ ಒಣಗಿದರೆ ನೀರನ್ನು ಹೀರುವ ಬದಲು ತಳ್ಳತೊಡಗುತ್ತದೆ, ಮತ್ತೆ ಮಳೆ ಬಂದರೂ ಹಿಂದಿನಂತಾಗದು.

ಬೊಫೆದಾಲ್ ದುರಸ್ತಿಯಲ್ಲಿ ಮೊದಲು ನೋಡಬೇಕಾದದ್ದು ನೀರಿನ ದಾರಿ. ಹರಡಿ ಹರಿಯುತ್ತಿದ್ದ ನೀರು ಒಂದೇ ಕಾಲುವೆಗೆ ಸೇರಿದರೆ ಕಾಲುವೆ ಪೀಟನ್ನು ಕೊರೆದು ಆಳವಾಗುತ್ತದೆ, ಇಡೀ ಜವುಗಿನ ನೀರು ಅದರೊಳಕ್ಕೆ ಬಸಿದುಹೋಗುತ್ತದೆ. ದನಕರು, ಕುರಿಗಳ ಗೊರಸು ಅಂಚನ್ನು ಒಡೆದರೆ ಇದು ಬೇಗ ಆಗುತ್ತದೆ. ಅಲ್ಪಾಕಾ, ಲಾಮಾಗಳ ಪಾದ ಮೆತ್ತಗಿರುವುದರಿಂದ ಹಾನಿ ಕಡಿಮೆ. ಕಾಲುವೆಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಮತ್ತು ಹುಲ್ಲುಹೆಂಟೆಯ ಸಣ್ಣ ಒಡ್ಡು ಹಾಕಬೇಕು. ಒಂದೇ ದೊಡ್ಡ ಒಡ್ಡು ಹಾಕಿದರೆ ನೀರು ಪಕ್ಕದಲ್ಲಿ ಕೊರೆದು ಹೊಸ ಕಾಲುವೆ ಮಾಡಿಕೊಳ್ಳುತ್ತದೆ. ನೀರು ದಿಂಬುಗಳ ಮಟ್ಟಕ್ಕೆ ಏರಿ ಎರಡೂ ಬದಿಗೆ ಹರಡಿದ ಮೇಲೆ, ಬೋಳಾದ ಜಾಗಕ್ಕೆ ಬದುಕಿರುವ ಡಿಸ್ಟಿಕಿಯಾದ ಹೆಂಟೆಗಳನ್ನು ಬೇರುಸಮೇತ ತಂದು ಕೂರಿಸಬೇಕು. ಆಂಡೀಸಿನ ಕುರಿಗಾಹಿಗಳು ಕಿರುಗಾಲುವೆ ತೋಡಿ ನೀರನ್ನು ಹರಡಿ ಹೊಸ ಜವುಗು ಬೆಳೆಸುವ ಕೆಲಸವನ್ನು ತಲೆತಲಾಂತರದಿಂದ ಮಾಡಿಕೊಂಡೇ ಬಂದಿದ್ದಾರೆ. ಅವರಿಗೆ ಈಗ ಎದುರಾಗಿರುವ ಕಷ್ಟ ಕಾಲುವೆಯ ತಲೆಯಲ್ಲಿದೆ: ಮೇಲಿನ ಹಿಮದಿಂದ ಒಣಗಾಲದಲ್ಲೂ ಬರುತ್ತಿದ್ದ ನೀರು ಪ್ರತಿ ವರ್ಷ ಇನ್ನಷ್ಟು ಬೇಗ ನಿಲ್ಲುತ್ತಿದೆ.